ತೂಬಿನ ಮೇಲೆ ನಿದ್ದೆ ಮಾಡಿದವನು

ಸಿರುಗುಪ್ಪದ ಕೆಳಗೆ, ಹಳೆಯ ಕಾಲುವೆಯ ಕೊನೆಯ ತೂಬುಗಳಿಗೆ ಹತ್ತಿರದ ಒಂದು ಊರಿನಲ್ಲಿ ನೀರುಗಂಟಿಯ ಕೆಲಸ ಸುಂಕಪ್ಪನ ಮನೆತನಕ್ಕೆ ಸೇರಿದ್ದು. ಕಾಲುವೆಯ ನೀರನ್ನು ಯಾರ ಗದ್ದೆಗೆ ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಅವನ ಸಲಕರಣೆ ಎಂದರೆ ಹೆಗಲ ಮೇಲಿನ ಸಲಿಕೆ ಮತ್ತು ತೂಬಿನ ಬಾಯಿಗೆ ಇಳಿಸುವ ಮರದ ಹಲಗೆಗಳು. ಮೇಲಿನ ಗದ್ದೆಯವನ ಸರದಿ ಮುಗಿಯುತ್ತಲೇ ಹಲಗೆ ಇಳಿಸಿ ನೀರನ್ನು ಕೆಳಗೆ ಹರಿಯಗೊಡಬೇಕು. ಇಳಿಸದಿದ್ದರೆ ಮೇಲಿನವನಿಗೆ ಬೇಡದಷ್ಟು ನೀರು, ಕೊನೆಯವನಿಗೆ ಕೆಸರೂ ಇಲ್ಲ. ಅವರವರ ನೀರಿಗೆ ಅವರವರು ಕಾವಲು ಕೂರುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ನೀರುಗಂಟಿಯ ಕೈಯನ್ನು ನಂಬಿ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಹಾಗಾಗಿ ಯಾರನ್ನಾದರೂ ಪೂರ್ತಿ ಕೆಲಸಕ್ಕೆ ಬಾರದವನು ಎಂದು ಬೈಯಬೇಕಾದರೆ ಅಲ್ಲಿನವರು "ತೂಬಿನ ಮ್ಯಾಲ ನಿದ್ದಿ ಮಾಡಾವ" ಎನ್ನುತ್ತಿದ್ದರು.

ಸುಂಕಪ್ಪ ತೂಬಿನ ಮೇಲೆ ನಿದ್ದೆ ಮಾಡುತ್ತಿದ್ದ. ಅದು ಅವನೊಬ್ಬನಿಗೇ ಗೊತ್ತಿತ್ತು.

ಯುದ್ಧದ ಕಾಲದಲ್ಲಿ, ಸೀಮೆಎಣ್ಣೆಗೆ ರೇಷನ್ ಚೀಟಿ ಬಂದ ವರ್ಷ, ಅದು ಶುರುವಾಗಿತ್ತು. ಆಗ ಅವನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಕುರುಗೋಡಿನ ಹುಲುಗಮ್ಮನನ್ನು ಮದುವೆಯಾಗಿ ಇನ್ನೂ ಹೊಸದು. ಮೊದಮೊದಲು ಊಟದ ನಂತರ ಕಣ್ಣು ಎಳೆಯುತ್ತಿತ್ತು. ಆಮೇಲೆ ಕಾಲುವೆಯ ಬದಿಗೆ ಬುತ್ತಿ ಉಣ್ಣುವಾಗಲೇ ಎಳೆಯತೊಡಗಿತು. ಅದು ದಣಿದವನ ನಿದ್ದೆಯಲ್ಲ. ದಣಿದವನಿಗೆ ಆಕಳಿಕೆ ಬರುತ್ತದೆ, ಕಣ್ಣು ಉರಿಯುತ್ತದೆ, ಬೇಕೆಂದರೆ ಇನ್ನೊಂದಿಷ್ಟು ಹೊತ್ತು ತಡೆಯಬಹುದು. ಇವನಿಗೆ ತಡೆಯುವ ಮಾತೇ ಇರಲಿಲ್ಲ. ಸಲಿಕೆಯ ಕಾವಿಗೆ ಒರಗಿ ನಿಂತವನು ನಿಂತ ಹಾಗೆಯೇ ನಿದ್ದೆಗೆ ಜಾರುತ್ತಿದ್ದ. ಸ್ವಲ್ಪ ಹೊತ್ತಿಗೆ ಎಚ್ಚರಾದರೆ ಮೈ ಹಗುರ, ತಲೆ ತಿಳಿ. ಮತ್ತೆ ಒಂದೆರಡು ತಾಸಿಗೆ ಅದೇ ಕಥೆ. ಹಾಗೆಂದು ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತೆ ಎಂದರೆ ಅದೂ ಇಲ್ಲ, ಹತ್ತು ಸಲ ಏಳುತ್ತಿದ್ದ.

ನಿದ್ದೆಯ ಜೊತೆಗೆ ಇನ್ನೆರಡು ಬಂದವು. ಕಣ್ಣು ಮುಚ್ಚುವ ಹೊತ್ತಿಗೆ ತೀರಿಹೋದ ಅಪ್ಪ ಬದುವಿನ ಮೇಲೆ ನಡೆದು ಬಂದು ಎದೆಯ ಮೇಲೆ ಮೊಣಕಾಲು ಊರಿದ ಹಾಗೆ ಆಗುತ್ತಿತ್ತು. ಕೂಗಬೇಕೆಂದರೆ ನಾಲಿಗೆ ಏಳದು, ಬೆರಳು ಮಿಸುಕದು. ಎರಡನೆಯದು ಇನ್ನೂ ವಿಚಿತ್ರ. ನಗು ಬಂದರೆ ಅವನ ಕಾಲು ಸಡಿಲವಾಗುತ್ತಿದ್ದವು. ಸಣ್ಣ ನಗುವಾದರೆ ದವಡೆ ಜೋತು ಮಾತು ತೊದಲುತ್ತಿತ್ತು. ದೊಡ್ಡ ನಗುವಾದರೆ ಗೋಡೆ ಹಿಡಿಯಬೇಕಾಗುತ್ತಿತ್ತು.

ಇದನ್ನೆಲ್ಲ ಮುಚ್ಚಿಡುವುದರಲ್ಲಿಯೇ ಅವನ ಅರ್ಧ ಶಕ್ತಿ ಹೋಗುತ್ತಿತ್ತು. ಬಾಯಲ್ಲಿ ಹಸಿಮೆಣಸಿನಕಾಯಿ ಅಗಿಯುತ್ತಿದ್ದ, ಸೊಂಟದವರೆಗೆ ನೀರಿಗಿಳಿದು ನಿಲ್ಲುತ್ತಿದ್ದ. ಕೆಂಚಣ್ಣನೆಂಬ ಮಾತುಗಾರ ಅರಳಿಕಟ್ಟೆಯಲ್ಲಿ ಕೂತು ಊರನ್ನೆಲ್ಲ ನಗಿಸುತ್ತಿದ್ದರೆ ಸುಂಕಪ್ಪ ಬೇರೆ ದಾರಿ ಹಿಡಿಯುತ್ತಿದ್ದ. "ನೀರುಗಂಟಿಗೆ ನಗಾಕೂ ತೂಬು ಎತ್ತಬೇಕು ನೋಡ್ರಿ" ಎಂದು ಕೆಂಚಣ್ಣ ಹಿಂದಿನಿಂದ ಕೂಗುತ್ತಿದ್ದ. ಸೊಕ್ಕಿನವ ಎಂಬ ಹೆಸರು ಬಂತು. ಅದನ್ನು ಸುಂಕಪ್ಪ ಹೊದ್ದುಕೊಂಡ. ಸೊಕ್ಕಿನವ ಎನ್ನಿಸಿಕೊಂಡರೆ ಕೆಲಸ ಹೋಗುವುದಿಲ್ಲವಲ್ಲ.

ಸಾವಿರದ ಒಂಬೈನೂರ ನಲವತ್ತೇಳರ ಸಸಿಮಡಿಯ ಹೊತ್ತಿನಲ್ಲಿ ಅವನು ಹೆದರಿದ್ದೇ ಆಯಿತು. ಆ ದಿನ ಹೊತ್ತೇರುವವರೆಗೆ ಮಲ್ಲಯ್ಯನ ಗದ್ದೆಯ ಸರದಿ, ಅಲ್ಲಿಂದ ಸಂಜೆಯವರೆಗೆ ಚನ್ನವೀರಮ್ಮನದು. ಚನ್ನವೀರಮ್ಮ ಗಂಡ ಸತ್ತ ಮೇಲೆ ತಾನೇ ನಿಂತು ಬೇಸಾಯ ಮಾಡುತ್ತಿದ್ದ ಹೆಂಗಸು. ಕಾಲುವೆಯ ಕಟ್ಟಕಡೆಗೆ ಅವಳ ಗದ್ದೆ, ಅದರ ಮೂಲೆಯಲ್ಲಿ ಭತ್ತದ ಸಸಿಮಡಿ. ಬಿಸಿಲು ಕಡುವಾಗಿತ್ತು, ಮಳೆ ಹಿಂದೆ ಸರಿದಿತ್ತು. ಸುಂಕಪ್ಪ ಹಲಗೆ ಇಳಿಸಲೆಂದು ಮಲ್ಲಯ್ಯನ ತೂಬಿನ ಬಳಿ ಕೂತ. ಕೂತದ್ದಷ್ಟೇ ಅವನಿಗೆ ನೆನಪು. ಎದ್ದಾಗ ಹೊತ್ತು ಮುಳುಗಲು ಬಂದಿತ್ತು. ನಡುವೆ ಎದ್ದಿದ್ದನೋ, ಮತ್ತೆ ಮಲಗಿದ್ದನೋ, ಎದ್ದದ್ದೂ ಕನಸೋ, ತಿಳಿಯಲಿಲ್ಲ. ಮಲ್ಲಯ್ಯನ ಗದ್ದೆ ಬದು ಮೀರಿ ತುಂಬಿ ಹಳ್ಳಕ್ಕೆ ಹರಿಯುತ್ತಿತ್ತು. ಮರುದಿನದಿಂದ ನೀರು ಬೇರೆ ಊರಿನ ಸರದಿಗೆ ಹೋಯಿತು. ಮತ್ತೆ ಬರುವ ಹೊತ್ತಿಗೆ ಚನ್ನವೀರಮ್ಮನ ಸಸಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಅವಳು ಬಂದು ಕೇಳಿದಾಗ ಅವನ ಬಾಯಲ್ಲಿ ಸುಳ್ಳು ತಾನಾಗಿಯೇ ಹೊರಟಿತು. "ಒಂದು ಮರದ ಕೊರಡು ತೇಲಿ ಬಂದು ಹಲಗಿಗೆ ಸಿಕ್ಕೊಂಡಿತ್ತವ್ವ. ಇಳಿಸಾಕ ಆಗಲಿಲ್ಲ."

"ಕೊರಡು ಎಲ್ಲೈತಿ?"

"ತೇಲಿ ಹೋತು."

"ಬರಾಗ ತೇಲಿ ಬಂತು, ಹೋಗಾಗ ತೇಲಿ ಹೋತು. ನನ್ನ ನೀರಿನ ಹೊತ್ತಿಗೆ ಮಾತ್ರ ನಿಂತಿತ್ತು. ಚಲೋ ಕೊರಡಪ!" ಎಂದು ಹೇಳಿ ಅವಳು ನೇರ ಚಾವಡಿಗೆ ಹೋದಳು.

ಊರು ಲೆಕ್ಕ ಹಾಕಿದ್ದು ಬೇರೆ. ಮಲ್ಲಯ್ಯನ ಗದ್ದೆಗೆ ನೀರು ಹೆಚ್ಚು ಹೋಗಿದೆ ಎಂದರೆ ಮಲ್ಲಯ್ಯ ಏನೋ ಕೊಟ್ಟಿದ್ದಾನೆ. ಒಂದು ಚೀಲ ಭತ್ತ ಎಂದು ಒಬ್ಬ ಹೇಳಿದ, ಇನ್ನೊಬ್ಬನ ಬಾಯಲ್ಲಿ ಅದು ಎರಡಾಯಿತು. ಮಲ್ಲಯ್ಯ ಇಲ್ಲವೆಂದ, ಆದರೆ ಇಲ್ಲವೆನ್ನುವಾಗ ಮೀಸೆಯಲ್ಲೇ ನಕ್ಕ. ಬಿಟ್ಟಿ ನೀರು ಬಂದವನಿಗೆ ಜಗಳ ಯಾಕೆ? ಊರಿನ ಗೌಡ ದೊಡ್ಡಬಸಪ್ಪ ರೂಢಿಯಂತೆ ತೀರ್ಮಾನ ಹೇಳಿದ: ನೀರುಗಂಟಿ ಕಾಲುವೆಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಊರಮ್ಮನ ಗುಡಿಗೆ ಬಂದು, ದೀಪವನ್ನು ಬರಿಗೈಯಿಂದ ಆರಿಸಿ ಆಣೆ ಮಾಡಲಿ. ಮಾಡಿದರೆ ಆ ಮಾತು ಅಲ್ಲಿಗೆ ಮುಗಿಯಿತು.

ಸುಂಕಪ್ಪನಿಗೆ ಅದೇ ಬೇಕಿತ್ತು. ಅವನು ಭತ್ತ ಮುಟ್ಟಿರಲಿಲ್ಲ. ಆದರೆ ಗುಡಿಯ ಮೆಟ್ಟಿಲ ಬಳಿ ಗೌಡ ಆಣೆಯ ಮಾತು ಹೇಳಿಕೊಟ್ಟಾಗ ಅವನಿಗೆ ಹೆದರಿಕೆಯಾಯಿತು. "ಏನೂ ತಗೊಂಡಿಲ್ಲ, ಕೊರಡು ಸಿಕ್ಕಿದ್ದು ಖರೆ, ಅಂತ ಎರಡೂ ಹೇಳು." ಒಂದು ನಿಜ, ಒಂದು ಸುಳ್ಳು, ಎರಡನ್ನೂ ಒಂದೇ ದೀಪದ ಮುಂದೆ ಹೇಳಬೇಕು. ಮೈಯಿಂದ ನೀರು ಇಳಿಯುತ್ತಿತ್ತು. ಊರೆಲ್ಲ ಸುತ್ತ ನಿಂತಿತ್ತು. ಹೆಂಗಸರ ನಡುವೆ ಹುಲುಗಮ್ಮ ಅವನನ್ನೇ ನೋಡುತ್ತಿದ್ದಳು. ಅವನು ದೀಪದ ಕಡೆ ಕೈ ಚಾಚಿದ.

ಮೊದಲು ತಲೆ ಬಾಗಿತು, ಆಮೇಲೆ ಮೊಣಕಾಲು. ಚೀಲ ಕುಸಿದ ಹಾಗೆ ಕುಸಿದು ಮೆಟ್ಟಿಲ ಮೇಲೆ ಬಿದ್ದ. ದೀಪ ಉರಿಯುತ್ತಲೇ ಇತ್ತು.

ಅವನಿಗೆ ಎಚ್ಚರ ತಪ್ಪಿರಲಿಲ್ಲ. ಎಲ್ಲವೂ ಕೇಳುತ್ತಿತ್ತು. "ಅವ್ವ ಕೆಡವಿದಳು" ಎಂದು ಯಾರೋ ಅಂದರು. "ಕೈ ಮುಂದ ಚಾಚಾಕೂ ಬಿಡಲಿಲ್ಲ ನೋಡ್ರಲೇ" ಎಂದ ಇನ್ನೊಬ್ಬ. ಎದ್ದು ಹೇಳಬೇಕೆಂದರೆ ತುಟಿ ಕೂಡಲಿಲ್ಲ. ಸ್ವಲ್ಪ ಹೊತ್ತಿಗೆ ಕೈಕಾಲಿಗೆ ಬಲ ಬಂದು ಎದ್ದು ಕೂತಾಗ ಜನ ಆಗಲೇ ಚದುರಿದ್ದರು. ಅವರನ್ನು ಅವನು ದೂರಲಿಲ್ಲ. ಅವನೂ ಅದನ್ನೇ ನಂಬಿದ್ದ. ಸುಳ್ಳು ಹೇಳಲು ಬಂದಿದ್ದೆ, ಅವ್ವ ಕೆಡವಿದಳು.

ಮನೆಯಲ್ಲಿ ಹುಲುಗಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. "ಆ ಭತ್ತ ಎಲ್ಲಿಟ್ಟಿ?" ಎಂದಳು.

"ತಗೊಂಡಿಲ್ಲಲೇ."

"ಮತ್ತ ಯಾಕ ಬಿದ್ದಿ?"

ನಿದ್ದೆಯ ಮಾತನ್ನು ಅವಳಿಗಾದರೂ ಹೇಳಬಹುದಿತ್ತು. ಗಂಡ ತೂಬಿನ ಮೇಲೆ ಮಲಗುತ್ತಾನೆ ಎಂದು ಅವಳು ತಿಳಿಯುವುದಕ್ಕಿಂತ ಕದ್ದಿದ್ದಾನೆ ಎಂದು ತಿಳಿದರೂ ಆದೀತು ಅನ್ನಿಸಿತು ಅವನಿಗೆ. ಕಳ್ಳನಿಗೆ ಕೈಯಾದರೂ ನೆಟ್ಟಗಿರುತ್ತದೆ. ಮರುದಿನ ಅವಳು ತಮ್ಮ ಎಳೆಯ ಕೂಸನ್ನು ಎತ್ತಿಕೊಂಡು ಕುರುಗೋಡಿನ ತವರಿಗೆ ಹೊರಟುಹೋದಳು. ತೂಬಿನ ಕೆಲಸವನ್ನು ಗೌಡ ಸುಂಕಪ್ಪನ ಚಿಕ್ಕಪ್ಪನ ಮಗ ಚಿನ್ನಪ್ಪನಿಗೆ "ಸದ್ಯಕ್ಕ" ಎಂದು ಒಪ್ಪಿಸಿದ.

ಕೆಲವು ದಿನ ಸುಂಕಪ್ಪ ಬಾಗಿಲು ಮುಂದೆ ಮಾಡಿಕೊಂಡು ಮನೆಯೊಳಗೇ ಇದ್ದ. ಆಮೇಲೆ ಕೂಸಿನ ಮುಖ ನೋಡುವ ಆಸೆ ತಡೆಯದೆ ಕುರುಗೋಡಿಗೆ ಹೋದ. ಹುಲುಗಮ್ಮನ ಅಣ್ಣ ಜಡೆಪ್ಪ ಗಾಡಿ ಹೊಡೆಯುವವನು. ಬಳ್ಳಾರಿಯ ಹತ್ತಿ ಮಂಡಿಗೆ ಮಾಲು ಸಾಗಿಸುತ್ತಿದ್ದ. ಭಾರೀ ಆಳು, ಕುತ್ತಿಗೆ ತೊಡೆಯಷ್ಟು ದಪ್ಪ. ತಂಗಿಯ ಗಂಡ ಬಂದನೆಂದು ಅವನೇನೂ ಮುಖ ತಿರುಗಿಸಲಿಲ್ಲ. ತಾಟಿಟ್ಟು ಊಟಕ್ಕೆ ಕೂರಿಸಿದ. ರೊಟ್ಟಿಯ ತುಂಡು ಪಲ್ಯದಲ್ಲಿ ಅದ್ದಿದ ಕೈ ಅಲ್ಲೇ ನಿಂತಿತು, ತಲೆ ತಾಟಿನ ಕಡೆ ಇಳಿಯಿತು. ಎಚ್ಚರಾದಾಗ ಎದುರಿಗೆ ಹುಲುಗಮ್ಮ ನಿಂತಿದ್ದಳು.

"ಇದು ಎಷ್ಟು ದಿನದಿಂದ?" ಎಂದಳು. ಬೈಗುಳದ ದನಿಯಲ್ಲ ಅದು.

ಸುಂಕಪ್ಪ ತಾಟು ನೋಡುತ್ತಲೇ ಎಲ್ಲ ಹೇಳಿದ. ತೂಬು, ಕೊರಡು, ಎದೆ ಮೇಲೆ ಕೂರುವ ಅಪ್ಪ, ನಗು. ಮದುವೆಯಾದಂದಿನಿಂದ ಅವಳ ಜೊತೆ ಅಷ್ಟು ಮಾತಾಡಿರಲಿಲ್ಲ. ಅವಳು ಎದುರಿಗೆ ಕೂತು, "ನೀನು ನಗಲಾರ್ದಾವ ಅಂತ ನಾನು ಎಷ್ಟು ಸರ್ತಿ ಅತ್ತೀನಿ ಗೊತ್ತೇನು? ನನ್ನ ಮಾರಿ ನಿನಗ ಸೇರಂಗಿಲ್ಲ ಅಂತ ತಿಳ್ಕೊಂಡಿದ್ದೆ" ಎಂದಳು.

ಜಡೆಪ್ಪನಿಗೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಬ್ಬ ಡಾಕ್ಟರರ ಪರಿಚಯವಿತ್ತು. ಎರ್ರಿಸ್ವಾಮಿ ಎಂದು ಹೆಸರು, ಮದರಾಸಿನಲ್ಲಿ ಓದಿ ಬಂದವರು, ಹಿಂದೊಮ್ಮೆ ಅವನ ಬೆನ್ನಿನ ಕುರು ಕೊಯ್ದಿದ್ದರು. ಕೂಸನ್ನು ತವರಿನವರ ಕೈಗೆ ಕೊಟ್ಟು, ಹತ್ತಿ ಹೇರಿದ ಗಾಡಿಯಲ್ಲೇ ಮೂವರೂ ಹೊರಟರು. ದಾರಿಯಲ್ಲಿ ಹೆಚ್ಚು ಹೊತ್ತು ಗಾಡಿ ಹೊಡೆದವು ಎತ್ತುಗಳೇ. ಜಡೆಪ್ಪ ಹಗ್ಗ ಹಿಡಿದು ಗೊರಕೆ ಹೊಡೆಯುತ್ತಿದ್ದ.

ಡಾಕ್ಟರರು ಸಣ್ಣ ದೇಹದ, ನಿಧಾನಸ್ಥ ಮನುಷ್ಯ. ತಮಗೆ ತೆಲುಗು ಹೆಚ್ಚು ರೂಢಿಯೆಂದು ಮೊದಲೇ ಹೇಳಿ ಕನ್ನಡದಲ್ಲೇ ಕೇಳತೊಡಗಿದರು. ಎಷ್ಟು ಹೊತ್ತು ನಿದ್ದೆ, ಎದ್ದ ಮೇಲೆ ಮೈ ಹೇಗಿರುತ್ತದೆ, ಬಿದ್ದಾಗ ಎಚ್ಚರ ಇರುತ್ತದೆಯೇ, ನಾಲಿಗೆ ಕಚ್ಚಿಕೊಂಡದ್ದುಂಟೇ, ಬಟ್ಟೆ ಒದ್ದೆಯಾದದ್ದುಂಟೇ. ಮೂರ್ಛೆರೋಗವೋ ಅಲ್ಲವೋ ಎಂದು ಬೇರ್ಪಡಿಸಲು ಕೇಳುವ ಪ್ರಶ್ನೆಗಳು ಅವು. ಸುಂಕಪ್ಪ ನೆಲ ನೋಡುತ್ತ ಉತ್ತರ ಕೊಟ್ಟ. ಗೊರಕೆಯ ಮಾತು ಬಂದಾಗ ಹುಲುಗಮ್ಮ ನಡುವೆ ಬಾಯಿ ಹಾಕಿದಳು.

"ಇವ್ರಿಗೆ ಗೊರಕಿ ಇಲ್ರೀ. ಅದೇನಿದ್ರೂ ನಮ್ಮಣ್ಣಗ. ಗಾಡಿ ಮ್ಯಾಲೂ ಮಲಗತಾನ."

"ನನ್ನ ಸುದ್ದಿ ಯಾಕಬೇ?" ಎಂದ ಜಡೆಪ್ಪ. "ನಾ ಮಲಗಿದ್ರೂ ನನ್ನ ಎತ್ತು ಮಲಗಂಗಿಲ್ರೀ ಡಾಕ್ಟರೇ. ಒಮ್ಮೆ ಮಾತ್ರ ಮಂಡಿಗೆ ಹೋಗಬೇಕಾದ್ದು, ಸೀದಾ ಕಲೆಕ್ಟರ್ ಬಂಗಲೆ ಮುಂದ ಹೋಗಿ ನಿಂತುಬಿಟ್ಟಿದ್ದವು. ಜವಾನ ಎಬ್ಬಿಸಿ 'ಯಾರು ಬೇಕು' ಅಂದ. ನಾನು ನಿದ್ದಿಗಣ್ಣಾಗ 'ದೊರೆಗಳು ಎದ್ದಾರೇನು? ಹತ್ತಿ ತೂಕ ಮಾಡಾಕ ಬರ್ರಿ ಅನ್ನು' ಅಂದೆ!"

ಸುಂಕಪ್ಪನಿಗೆ ತಡೆಯಲಾಗಲಿಲ್ಲ. ನಗು ಗಂಟಲಿಗೆ ಬಂತು, ದವಡೆ ಜೋತಿತು, ಮಣೆಯಿಂದ ಜಾರಿ ನೆಲಕ್ಕೆ ಬಿದ್ದ. ಡಾಕ್ಟರರು ಚಟ್ಟನೆ ಕೆಳಗೆ ಕೂತು ಅವನ ಮೊಣಕಾಲ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಎಲ್ಲರ ಕಾಲೂ ಆ ಪೆಟ್ಟಿಗೆ ಒದೆಯುತ್ತದೆ. ಅವನ ಕಾಲು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದ ಮೇಲೆ ತಟ್ಟಿದರೆ ಒದೆಯಿತು.

"ಇದಕ್ಕ ಹೆಸರೈತಿ" ಎಂದರು. "ನಾರ್ಕೊಲೆಪ್ಸಿ ಅಂತಾರ. ಪುಸ್ತಕದಾಗ ಓದಿದ್ದೆ, ಕಣ್ಣಿಲೆ ನೋಡಿದ್ದು ಇದೇ ಮೊದಲು."

ಅವರು ವಿವರಿಸಿದ್ದರ ಸಾರ ಇಷ್ಟು. ನಿದ್ದೆಗೂ ಎಚ್ಚರಕ್ಕೂ ನಡುವೆ ಮೆದುಳಿನಲ್ಲಿ ಒಂದು ಗಡಿ ಇದೆ. ಈ ರೋಗದಲ್ಲಿ ಆ ಗಡಿ ಭದ್ರವಾಗಿರುವುದಿಲ್ಲ. ಹಗಲಲ್ಲಿ ನಿದ್ದೆ ನುಗ್ಗುತ್ತದೆ, ರಾತ್ರಿಯಲ್ಲಿ ಎಚ್ಚರ ನುಗ್ಗುತ್ತದೆ. ಕನಸು ಕಣ್ಣು ಮುಚ್ಚುವುದಕ್ಕೂ ಮೊದಲೇ ಶುರುವಾಗುತ್ತದೆ. ಎದೆಯ ಮೇಲೆ ಅಪ್ಪ ಕೂರುವುದು ಅದು. ನಗು, ಭಯ, ಸಿಟ್ಟು ಮನಸ್ಸನ್ನು ಅಲುಗಿಸಿದರೆ, ಎಚ್ಚರವಿದ್ದಂತೆಯೇ ಕೈಕಾಲಿನ ಬಲ ಮಾತ್ರ ಹೋಗುತ್ತದೆ. ಯಾಕೆ ಹೀಗೆ ಎಂಬುದು ಆ ಕಾಲದ ಯಾವ ಡಾಕ್ಟರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಅವರು ಹೇಳಿಯೂ ಹೇಳಿದರು.

ಸುಂಕಪ್ಪ ಕೇಳಿದ: "ಸುಳ್ಳು ಹೇಳಾಕ ಹೋದ್ರೂ ಹಿಂಗ ಬೀಳತಾರೇನ್ರಿ?"

"ಸುಳ್ಳಿಗೆ ಬೀಳಂಗಿದ್ರ ನಮ್ಮ ಬಳ್ಳಾರಿ ಕೋರ್ಟಿನಾಗ ಒಬ್ಬಾವನೂ ನಿಂತಿರ್ತಿರಲಿಲ್ಲಪ" ಎಂದರು ಡಾಕ್ಟರರು. "ನೀನು ಹೆದರಿದ್ದಿ. ಹೆದರಿಕಿಗೆ ಬಿದ್ದಿ."

ಎಫೆಡ್ರಿನ್ ಎಂಬ ಮಾತ್ರೆ ಕೊಟ್ಟರು. ಅದು ನಿದ್ದೆಯನ್ನು ತುಸು ತಡೆದೀತು, ಎದೆ ಡವಗುಟ್ಟಬಹುದು, ಬಿದ್ದು ಹೋಗುವುದನ್ನು ಅದು ನಿಲ್ಲಿಸಲಾರದು ಎಂದು ಎಲ್ಲ ತಿಳಿಸಿಯೇ ಕೊಟ್ಟರು. ಮಧ್ಯಾಹ್ನ ದಿನವೂ ಒಂದೇ ಹೊತ್ತಿಗೆ ಸ್ವಲ್ಪ ಮಲಗಿಬಿಡು, ಹಗಲೆಲ್ಲ ಹೋರಾಡುವುದಕ್ಕಿಂತ ಅದು ಮೇಲು ಎಂದರು. ಆಮೇಲೆ ದನಿ ತಗ್ಗಿಸಿದರು. "ಬಾವಿ ಕಟ್ಟಿ, ಮರ, ಬೆಂಕಿ ಮುಂದ ಒಬ್ಬನೇ ಇರಬ್ಯಾಡ. ಕಾಲುವಿ ಬ್ಯಾಡವೇ ಬ್ಯಾಡ. ಮೊಣಕಾಲು ನೀರಾಗ ಬಿದ್ರೂ ಏಳಾಕ ಬಲ ಇರಂಗಿಲ್ಲ. ಈ ರೋಗ ಕೊಲ್ಲಂಗಿಲ್ಲ, ಆದ್ರ ಬಿದ್ದ ಜಾಗ ಕೊಲ್ತೈತಿ." ನಿದ್ದೆ ತಡೆಯಲು ಸೊಂಟದವರೆಗಿನ ನೀರಲ್ಲಿ ನಿಲ್ಲುತ್ತಿದ್ದುದನ್ನು ಸುಂಕಪ್ಪ ಅವರಿಗೆ ಹೇಳಲಿಲ್ಲ.

ಹೊರಡುವಾಗ ಡಾಕ್ಟರರು ಜಡೆಪ್ಪನನ್ನು ತಡೆದು ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಶುರುವಾಗುತ್ತದೆಯೇ ಎಂದು ಹುಲುಗಮ್ಮನನ್ನು ಕೇಳಿದರು. ಹೌದೆಂದಳು. "ನಿಂದು ಬ್ಯಾರೆ ಥರದ ನಿದ್ದಿ" ಎಂದರು ಅವನಿಗೆ. "ಒತ್ತಡ ಭಾಳ ಐತಿ. ಹಿಂಗ ಉಸಿರು ಕಟ್ಟಿ ಗೊರಕಿ ಹೊಡದು, ಹಗಲೆಲ್ಲಾ ತೂಕಡಿಸೋ ದಪ್ಪ ಮನುಷ್ಯಾರಿಗೆ ಎದಿ ಕೈ ಕೊಡೋದನ್ನ, ಲಕ್ವಾ ಹೊಡೆಯೋದನ್ನ ನಾನು ಕಂಡೀನಿ. ಮೈ ಇಳಿಸು. ಹೆಂಡ ಬಿಡು. ಮಗ್ಗಲಾಗಿ ಮಲಗು."

"ನಿದ್ದಿ ಚಂದಾಗಿ ಬರೋದೂ ರೋಗೇನ್ರಿ?" ಎಂದು ಜಡೆಪ್ಪ ನಕ್ಕ. ಅವನ ನಿದ್ದೆಯನ್ನು ಕುರುಗೋಡಿನಲ್ಲಿ ಎಲ್ಲರೂ ಸುಖವಂತನ ನಿದ್ದೆ ಎನ್ನುತ್ತಿದ್ದರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಆ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಆಗ ಸರಿಯಾದ ಹೆಸರೂ ಇರಲಿಲ್ಲ. ನಾಲ್ಕು ವರ್ಷದ ಮೇಲೆ, ಐವತ್ತೊಂದರಲ್ಲಿ, ಜಡೆಪ್ಪನ ಎಡಗೈ ಎಡಗಾಲು ಒಂದು ಬೆಳಿಗ್ಗೆ ಲಕ್ವಾ ಹೊಡೆದು ಬಿದ್ದುಹೋದವು. ಅವನನ್ನು ನೋಡಲು ಹೋದಾಗಲೆಲ್ಲ ಸುಂಕಪ್ಪನಿಗೆ, ಇನ್ನೊಮ್ಮೆ ಒತ್ತಿ ಹೇಳಬೇಕಿತ್ತು, ನನ್ನ ರೋಗದ ನಾಚಿಕೆಯಲ್ಲಿ ಇವನದನ್ನು ಮರೆತೆನಲ್ಲ ಎಂದು ಅನ್ನಿಸುತ್ತಿತ್ತು.

ಅದು ಮುಂದಿನ ಮಾತು. ಬಳ್ಳಾರಿಯಿಂದ ಮರಳಿದವನ ಮುಂದೆ ಆಗ ಇದ್ದುದು ಒಂದೇ. ಅವನು ಭತ್ತ ತೆಗೆದುಕೊಂಡಿಲ್ಲ ಎಂಬುದು ಊರಿಗೆ ತಿಳಿಯಬೇಕು. ಅದು ತಿಳಿಯಬೇಕಾದರೆ ನಿದ್ದೆ ಮಾಡಿದ್ದು ತಿಳಿಯಬೇಕು. ಒಂದು ನಾಚಿಕೆ ಕಳೆಯಲು ಇನ್ನೊಂದನ್ನು ಉಡಬೇಕು. ಅವನು ಹಿಂದೆ ಮುಂದೆ ನೋಡಿದ. ಹುಲುಗಮ್ಮ ನೋಡಲಿಲ್ಲ. "ನಾನೂ ಆವತ್ತು ಅವರ ಸಂಗಾಟ ನಿಂತು ಅವ್ವ ಕೆಡವಿದಳು ಅಂತ ಕೈ ಮುಗಿದೀನಿ" ಎಂದಳು. "ಈಗ ನಿನ್ನ ಸಂಗಾಟ ನಿಂದರತೀನಿ. ನಡಿ."

ಚಾವಡಿಯ ಮಾಡಿಗೆ ಸ್ವಾತಂತ್ರ್ಯದ ದಿನ ಕಟ್ಟಿದ ಕಾಗದದ ತೋರಣ ಮಳೆಗೆ ನೆಂದು ಬಣ್ಣ ಬಿಟ್ಟಿತ್ತು. ಮಧ್ಯಾಹ್ನದ ಹೊತ್ತು, ಗೌಡ ದೊಡ್ಡಬಸಪ್ಪ, ಮಲ್ಲಯ್ಯ, ಕೆಂಚಣ್ಣ, ಇನ್ನೂ ಹಲವರು ಕೂತಿದ್ದರು. ಚನ್ನವೀರಮ್ಮ ಕಂಬಕ್ಕೊರಗಿ ನಿಂತಿದ್ದಳು. ಸುಂಕಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ಕೊರಡಿನ ಮಾತು ಸುಳ್ಳು. ನಾನು ತೂಬಿನ ಮ್ಯಾಲ ಮಲಗಿದ್ದೆ" ಎಂದ.

ಮಲ್ಲಯ್ಯ, "ಅಂದ್ರ ಊರಮ್ಮ ಸುಮ್ಮಸುಮ್ಮನ ಕೆಡವಲಿಲ್ಲ" ಎಂದ.

"ಭತ್ತ ನಾನು ತಗೊಂಡಿಲ್ಲ ಗೌಡ್ರ. ಬೀಳೋದು ನನಗೊಂದು ರೋಗ. ಹೆದರಿದ್ರೂ ಬೀಳತೀನಿ, ನಕ್ಕರೂ ಬೀಳತೀನಿ. ಬಳ್ಳಾರಿ ಡಾಕ್ಟರು ನೋಡ್ಯಾರ."

"ನಕ್ಕರ ಬೀಳತಿ?" ಗೌಡ ಹುಬ್ಬೇರಿಸಿದ. "ಲೇ ಕೆಂಚಾ, ಎದ್ದು ನಿಂದರು. ನಗಸು ಇವನ್ನ. ನೋಡೇಬಿಡೂಣು."

ಕೆಂಚಣ್ಣ ಎದ್ದು ನಿಂತ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿ ಒಣಗಿತ್ತು. "ಹಿಂಗ ಕಟ್ಟಿಹಾಕಿ ನಗಸು ಅಂದ್ರ ಹೆಂಗ್ರಿ ಗೌಡ್ರ?" ಎಂದ. ತಹಶೀಲ್ದಾರರು ಕುದುರೆ ಹತ್ತುವುದನ್ನು ಮಾಡಿ ತೋರಿಸಿದ. ಯಾರೂ ನಗಲಿಲ್ಲ. ಹೋತದ ಹಾಗೆ ಕೂಗಿದ. ಒಬ್ಬ ಕೆಮ್ಮಿದ. ಸುಂಕಪ್ಪ ರುಮಾಲು ಹಿಂಡುತ್ತ ನಿಂತೇ ಇದ್ದ. ಬೀಳದೆ ನಿಂತದ್ದಕ್ಕೆ ಅಷ್ಟು ನಾಚಿಕೆಪಟ್ಟವನು ಬಹುಶಃ ಆ ಸೀಮೆಯಲ್ಲಿ ಅವನೊಬ್ಬನೇ.

"ನಾಟಕ ಸಾಕು" ಎಂದ ಮಲ್ಲಯ್ಯ.

ಆಗ ಚನ್ನವೀರಮ್ಮ ಕಂಬ ಬಿಡದೆಯೇ ಹೇಳಿದಳು: "ಲೇ ಕೆಂಚಾ, ಯಾಕ ಇಷ್ಟು ಕಷ್ಟ ಪಡತೀಲೇ? ನಿನ್ನ ಲಗ್ನದಾಗ ಬಾಸಿಂಗ ಕಟಗೊಂಡು ಸುಮ್ಮನ ನಿಂತಿದ್ದಿ, ಇಡೀ ಊರು ನಕ್ಕಿತ್ತು. ಈಗ್ಲೂ ಹಂಗ ನಿಂದರು."

ಚಾವಡಿಯಲ್ಲಿ ನಗು ಸಿಡಿಯಿತು. ಗೌಡನ ಹೊಟ್ಟೆ ಕುಣಿಯಿತು. ಸುಂಕಪ್ಪನ ಬಾಯಿ ಒಂದು ಕಡೆ ಜೋತಿತು, ಕಾಲು ಮಡಚಿದವು. ಹುಲುಗಮ್ಮ ಹಿಡಿಯುವಷ್ಟರಲ್ಲಿ ನೆಲದ ಮೇಲಿದ್ದ.

ಮಲಗಿದಲ್ಲಿಂದ ಅವನಿಗೆ ಎಲ್ಲ ಕೇಳುತ್ತಿತ್ತು. ನಗು ಒಂದೊಂದಾಗಿ ನಿಂತಿತು. ಮಲ್ಲಯ್ಯ ಬಗ್ಗಿ ಅವನ ಅಂಗಾಲಿಗೆ ಕಡ್ಡಿಯಿಂದ ಗೀರಿದ. ಕಾಲು ಮಿಸುಕಲಿಲ್ಲ. ಬಾಯಿಂದ ಜೊಲ್ಲು ಇಳಿದು ಕೆನ್ನೆಗೆ ಹತ್ತಿತು, ಧೋತರ ಮೊಣಕಾಲ ಮೇಲಕ್ಕೆ ಸರಿದಿತ್ತು. ಊರಿನ ಗಂಡಸರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಅವನಿಗೆ ಕಣ್ಣು ಮುಚ್ಚಬೇಕೆನ್ನಿಸಿತು, ರೆಪ್ಪೆ ಅರ್ಧಕ್ಕೆ ನಿಂತಿತು. "ಮುಟ್ಟಬ್ಯಾಡ್ರಿ. ಅವರಿಗೆ ಎಲ್ಲಾ ಗೊತ್ತಾಗತೈತಿ" ಎಂದು ಹುಲುಗಮ್ಮ ಧೋತರ ಎಳೆದು ಮುಚ್ಚಿ, ಸೆರಗಿನಿಂದ ಕೆನ್ನೆ ಒರೆಸಿದಳು. ಆ ಒರೆಸುವಿಕೆಯ ನಾಚಿಕೆ, ಗುಡಿಯ ಮೆಟ್ಟಿಲ ನಾಚಿಕೆಗಿಂತ ದೊಡ್ಡದಿತ್ತು. ಆದರೆ ಇದರಲ್ಲಿ ಸುಳ್ಳಿರಲಿಲ್ಲ.

ಅವನು ಎದ್ದು ಕೂತಾಗ ಗೌಡ ಗಂಟಲು ಸರಿಮಾಡಿಕೊಂಡ. "ಭತ್ತದ ಮಾತು ಇಲ್ಲಿಗೆ ಮುಗೀತು. ಇನ್ನ ಯಾರೂ ಎತ್ತಬಾರ್ದು. ತೂಬಿನ ಕೆಲಸ ಮತ್ತ ನಿಂದೇ ಸುಂಕಪ್ಪ."

"ಬ್ಯಾಡ್ರಿ. ಚಿನ್ನಪ್ಪಗೇ ಇರಲಿ" ಎಂದ ಸುಂಕಪ್ಪ. "ನಾನು ನಾಳೆನೂ ಮಲಗತೀನಿ, ನಾಡಿದ್ದೂ ಮಲಗತೀನಿ. ಅದು ನನ್ನ ಕೈಯಾಗ ಇಲ್ಲ. ಮೊದಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಅದೊಂದು ನನ್ನ ಕೈಯಾಗ ಇತ್ತು."

ಚನ್ನವೀರಮ್ಮ ಮುಖ ಬಿಗಿದುಕೊಂಡೇ ಇದ್ದಳು. "ಭತ್ತ ತಗೊಂಡು ಬಿಟ್ಟಿದ್ರೂ, ನಿದ್ದಿ ಮಾಡಿ ಬಿಟ್ಟಿದ್ರೂ, ಒಣಗಿದ್ದು ನನ್ನ ಸಸಿ" ಎಂದಳು.

"ಹೌದವ್ವ."

"ಏನು ಹೌದವ್ವ! ಸಿರಿಗೇರಿ ಕಡೆಯಿಂದ ಉಳಿದ ಸಸಿ ಕೇಳಿ ತಂದೀನಿ. ನಾಟಿಗೆ ಆಳಿಲ್ಲ. ಗಂಡ ಹೆಂಡ್ತಿ ಇಬ್ರೂ ಬರ್ರಿ."

ಮರುದಿನ ಹೊತ್ತು ಹುಟ್ಟುವ ಮುಂಚೆ ಇಬ್ಬರೂ ಅವಳ ಗದ್ದೆಯಲ್ಲಿದ್ದರು. ತಡವಾದ ನಾಟಿ, ಬಲಿತ ಸಸಿ. ಬೆಳೆ ಅಷ್ಟಕ್ಕಷ್ಟೇ ಎಂದು ಮೂವರಿಗೂ ಗೊತ್ತಿತ್ತು. ಸಾಲಿನಲ್ಲಿ ಬೇರೆ ಹೆಂಗಸರೂ ಇದ್ದರು. ಸುಂಕಪ್ಪ ಬಗ್ಗಿ ಸಸಿ ಊರುತ್ತ ಹೋದ. ಮಾತ್ರೆ ನುಂಗಿದ್ದರಿಂದ ಎದೆ ಸ್ವಲ್ಪ ಡವಗುಟ್ಟುತ್ತಿತ್ತು. ಹೊತ್ತೇರಿದ ಮೇಲೆ ಕೈಯಲ್ಲಿನ ಕಟ್ಟು ಭಾರವಾಗತೊಡಗಿತು, ಸಾಲು ಸೊಟ್ಟ ಹೋಯಿತು.

"ನಿದ್ದಿ ಬಂತೇನು?" ಎಂದು ಚನ್ನವೀರಮ್ಮ ಎಲ್ಲರಿಗೂ ಕೇಳುವಂತೆ ಕೂಗಿದಳು. "ನೀರಾಗ ಬೀಳಬ್ಯಾಡಲೇ, ನನಗ ಇನ್ನೊಂದು ತಂಟೆ ಬ್ಯಾಡ. ಬದುವಿನ ಮ್ಯಾಲ ಹೋಗಿ ಮಲಕ್ಕೋ. ಎದ್ದ ಮ್ಯಾಲ ಆ ಸೊಟ್ಟ ಸಾಲು ಕಿತ್ತು ಮತ್ತ ಹಚ್ಚು."

ಹೆಂಗಸರು ನಕ್ಕರು. ಹುಲುಗಮ್ಮ ಅವನ ಮೊಣಕೈ ಹಿಡಿದು ಕೆಸರಿನಿಂದ ಮೇಲೆ ಹತ್ತಿಸಿದಳು. ಹಗಲಿನಲ್ಲಿ, ಕೆಲಸದ ನಡುವೆ, ಅಷ್ಟು ಜನರ ಕಣ್ಣೆದುರಿಗೆ ಅವನು ಎಂದೂ ತಾನಾಗಿ ಮಲಗಿರಲಿಲ್ಲ. ಕಾಲು ಮುದುಡಿ ಬದುವಿನ ಮೇಲೆ ಒರಗಿ, ಹೆಗಲ ವಲ್ಲಿಯನ್ನು ಮುಖದ ಮೇಲೆ ಎಳೆದುಕೊಂಡ. ವಲ್ಲಿಯ ಕೆಳಗೆ ಕಿವಿ ಬೆಚ್ಚಗಾಗುತ್ತಿತ್ತು. ಆಚೆ ಅವರ ಕೈ ನೀರಿನಲ್ಲಿ ಆಡುವ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ಕೇಳಲಿಲ್ಲ.